ಹಕ್ಕಿ ಹೊಡೆಯುವ ಕೆಲಸ

ಕೆಸರಿನಲ್ಲಿ ನಿಂತವಳಿಗೆ ಓಡಲು ಬರುವುದಿಲ್ಲ. ದಾನಮ್ಮನಿಗೆ ಇದು ಮೊದಲ ದಿನವೇ ಗೊತ್ತಾಗಿತ್ತು. ಒಂದು ಕಾಲು ಕೀಳಬೇಕಾದರೆ ಇನ್ನೊಂದು ಕಾಲು ಮೊಣಕಾಲಿನವರೆಗೆ ಇಳಿಯುತ್ತದೆ. ಅದನ್ನು ಕೀಳುವಷ್ಟರಲ್ಲಿ ಇದು ಇಳಿದಿರುತ್ತದೆ. ಒಳಗೆ ಒಡೆದ ಚಿಪ್ಪು ಇರುತ್ತದೆ, ಬಾಟಲಿಯ ಚೂರು ಇರುತ್ತದೆ, ಉಪ್ಪುನೀರಿನ ಗಿಡಗಳ ಮೊಳೆಯಂಥ ಬೇರು ಇರುತ್ತದೆ. ಅಂಗಾಲು ಕೊಯ್ದದ್ದು ಆಗ ತಿಳಿಯುವುದಿಲ್ಲ. ದಂಡೆಗೆ ಬಂದು ತೊಳೆದಾಗಲೇ ತಿಳಿಯುವುದು. ಕಾರ್ಖಾನೆಗಳ ನೀರು ಕುಡಿದ ಕೆಸರು ಅದು. ಗಾಯಕ್ಕೆ ತಾಗಿದರೆ ಎರಡು ದಿನ ಉರಿಯುತ್ತದೆ, ಮೂರನೆಯ ದಿನದಿಂದ ತುರಿಸುತ್ತದೆ.

ಮರಾಠಿ ನಾಡಿನ ಮಹಾನಗರವೊಂದರ ಅಂಚಿಗೆ, ಘಣಸೋಲಿಯ ಹಳೇ ಊರು ಮುಗಿದು ಖಾಡಿ ಶುರುವಾಗುವ ಕಡೆ ದಾನಮ್ಮನ ಗುಡಿಸಲಿತ್ತು. ಖಾಡಿ ಎಂದರೆ ಸಮುದ್ರದ ನೀರು ನೆಲದೊಳಗೆ ನುಗ್ಗಿ ಬಂದು ಮಲಗಿದ ಜಾಗ. ಭರತದಲ್ಲಿ ನೀರು, ಇಳಿತದಲ್ಲಿ ಕೆಸರು. ಚಳಿಗಾಲ ಬಂದರೆ ಆ ಕೆಸರಿನ ಮೇಲೆ ಸಾವಿರಗಟ್ಟಲೆ ರಾಜಹಂಸಗಳು ಇಳಿಯುತ್ತವೆ. ದಾನಮ್ಮನ ಬಾಯಲ್ಲಿ ಅವು ಕೆಂಪು ಕೊಕ್ಕರೆ. ಅವುಗಳ ಹಿಂದೆಯೇ ಕಾರುಗಳು ಬರುತ್ತವೆ. ಕಾರಿನಿಂದ ಮಗುವಿನಷ್ಟು ಭಾರದ ಕ್ಯಾಮೆರಾಗಳು ಇಳಿಯುತ್ತವೆ.

ಮೇಯುತ್ತ ನಿಂತ ಹಕ್ಕಿಯ ಫೋಟೋ ಎಲ್ಲರ ಹತ್ತಿರವೂ ಇದೆಯಂತೆ. ಎಲ್ಲರಿಗೂ ಬೇಕಾದದ್ದು ಇಡೀ ಹಿಂಡು ಒಟ್ಟಿಗೇ ರೆಕ್ಕೆ ಬಿಚ್ಚಿದ ಫೋಟೋ, ಹಿಂದೆ ಗಗನಚುಂಬಿ ಕಟ್ಟಡಗಳು. ಹಕ್ಕಿಗಳಿಗೆ ಅದು ಗೊತ್ತಿಲ್ಲ, ಅವು ತಮ್ಮ ಹೊಟ್ಟೆ ನೋಡಿಕೊಳ್ಳುತ್ತವೆ. ಆದ್ದರಿಂದ ಯಾರಾದರೂ ಕೆಸರಿಗೆ ಇಳಿದು, ಅವುಗಳ ಹತ್ತಿರ ಹೋಗಿ, ತಾಟು ಬಡಿದು ಎಬ್ಬಿಸಬೇಕು. ಎರಡು ಚಳಿಗಾಲದಿಂದ ಆ ಕೆಲಸ ದಾನಮ್ಮನದು. ಕೂಲಿಯವರು ಸೇರುವ ಚೌಕದಲ್ಲಿ, ನಾಕಾದಲ್ಲಿ, ಕೆಲಸಕ್ಕೆ ನಿಂತರೆ ಊದಿದ ಮೊಣಕಾಲು ನೋಡಿಯೇ ಅವಳನ್ನು ಬಿಟ್ಟು ಬೇರೆಯವರನ್ನು ಆರಿಸುತ್ತಿದ್ದರು. ಕೆಸರಿಗೆ ಇಳಿಯಲು ಮಾತ್ರ ಯಾರೂ ಮೊಣಕಾಲು ನೋಡಲಿಲ್ಲ.

ಈ ಕೆಲಸ ಕೊಟ್ಟವನು ಸುಪ್ರೀತ್. ಬೆಂಗಳೂರಿನವನು, ದೊಡ್ಡ ಹಣಕಾಸು ಕಂಪನಿಯೊಂದರಲ್ಲಿ ಅಧಿಕಾರಿ, ಹತ್ತಿರದ ಸಾನಪಾಡಾದಲ್ಲಿ ಹದಿನೆಂಟನೇ ಮಹಡಿಯ ಮನೆ. 'ಖಾಡಿ ಗೆಳೆಯರು' ಎಂಬ ಗುಂಪಿನ ಮುಂದಾಳು. ಶಾಲೆಗಳಿಗೆ ಹೋಗಿ ಹಕ್ಕಿಗಳ ಬಗ್ಗೆ ಭಾಷಣ ಮಾಡುತ್ತಿದ್ದ. ಹಕ್ಕಿಗಳಿಗೆ ತೊಂದರೆ ಕೊಡಬೇಡಿ ಎಂದು ಖಾಡಿಯ ದಂಡೆಯ ಮೇಲೆ ಅವರದೇ ಒಂದು ಫಲಕವಿದೆ. ಆ ಫಲಕದ ಕಂಬಕ್ಕೆ ಗುಂಡಿ ತೋಡಲು ನಾಕಾದಿಂದ ಕರೆತಂದ ಆಳು ದಾನಮ್ಮನೇ. ಹಾರೆ ಕಲ್ಲಿಗೆ ತಾಗಿದಾಗ ಅವಳು ಕನ್ನಡದಲ್ಲಿ ಬೈದದ್ದು ಕೇಳಿ ಸುಪ್ರೀತ್ ತಿರುಗಿ ನೋಡಿದ್ದ.

ಯಾವ ಊರು, ಏನು ಮಾಡುತ್ತಿದ್ದಿರಿ ಎಂದು ಕೇಳಿದ. ವಿಜಯಪುರದ ಕಡೆ ಎಂದಳು. ಬಹುವಚನ ಹಾಕಿ ಮಾತಾಡಿಸುವ ಇಂಥ ಜನ ಅವಳಿಗೆ ಊರಲ್ಲೂ ಸಿಕ್ಕಿರಲಿಲ್ಲ. ಖುಷಿಯಿಂದ ಎಲ್ಲ ಹೇಳಿದಳು.

"ಸಣ್ಣಾಕಿದ್ದಾಗ ಗೌಡರ ಹೊಲದಾಗ ಹಕ್ಕಿ ಹೊಡೀತಿದ್ದೆರಿ."

ಅವನ ಮುಖ ಸಣ್ಣಗಾಯಿತು. "ಹಕ್ಕಿ ಹೊಡೀತಿದ್ರಾ? ಅಂದ್ರೆ, ಸಾಯಿಸ್ತಿದ್ರಾ?"

ದಾನಮ್ಮ ಹಾರೆ ಊರಿ ನಕ್ಕಳು. "ಕೊಲ್ಲೂದಲ್ರಿ ಸಾಹೇಬ್ರ. ದನಾ ಹೊಡೀತಾರಲ್ರಿ, ಬಂಡಿ ಹೊಡೀತಾರಲ್ರಿ, ಕಸಾ ಹೊಡೀತಾರಲ್ರಿ, ಹಂಗ. ಜ್ವಾಳದ ಮ್ಯಾಲಿಂದ ಎಬ್ಬಿಸಿ ಕಳಸೂದು."

ಅವನಿಗೆ ಇದು ಬಹಳ ಹಿಡಿಸಿತು. ಗೆಳೆಯರನ್ನೆಲ್ಲ ಕರೆದು ಇಂಗ್ಲಿಷಿನಲ್ಲಿ ವಿವರಿಸಿದ. ಎಲ್ಲರೂ ನಕ್ಕರು. ದಾನಮ್ಮನೂ ನಕ್ಕಳು. ಒಂದು ಮಾತು ಮಾತ್ರ ಅವಳು ಹೇಳಲಿಲ್ಲ. ಆ ಹೊಲದ ಅಟ್ಟದ ಮೇಲೆ ಹೊತ್ತು ಹುಟ್ಟಿದಾಗಿನಿಂದ ಮುಳುಗುವವರೆಗೆ ಕೂಗಿ ಗಂಟಲು ಹರಿದುಕೊಂಡವಳು ಅವಳು. ತೆನೆ ತಿಂದ ಗುಬ್ಬಿಗೆ ಬರೀ ಕೂಗು, ಅಷ್ಟೇ. ಹಸಿದು ತೆನೆ ಮುಟ್ಟಿದ ಕೇರಿಯ ಹುಡುಗಿಗೆ ಬಾರುಕೋಲಿನ ಏಟು. ಅದರ ಗುರುತು ಅವಳ ಬೆನ್ನಿನ ಮೇಲೆ ಈಗಲೂ ಇದೆ. ಆದರೂ ಒಂದು ಹೆಮ್ಮೆ ಅವಳಿಗಿತ್ತು. ಎಷ್ಟು ಹಕ್ಕಿ ಹೊಡೆದಿದ್ದಾಳೋ ಲೆಕ್ಕವಿಲ್ಲ, ಒಂದರ ಪುಕ್ಕವೂ ಉದುರಿರಲಿಲ್ಲ.

ಅಂದಿನಿಂದ 'ಹಕ್ಕಿ ಹೊಡಿ' ಎಂಬುದು ಅವರ ಗುಂಪಿನ ಮಾತೇ ಆಗಿಹೋಯಿತು. ದಾನಮ್ಮನಿಗೆ ಓದಲು ಬಾರದು, ಫೋನೂ ಇಲ್ಲ. ಅವಳ ಮಗಳು ನಾಗವೇಣಿಯ ಫೋನಿಗೆ ಪ್ರತಿ ಶನಿವಾರ ಸುಪ್ರೀತನ ದನಿ ರೆಕಾರ್ಡಾಗಿ ಬರುತ್ತಿತ್ತು. ಅಮ್ಮ, ನಾಳೆ ಬೆಳಿಗ್ಗೆ ಆರಕ್ಕೆ ಬನ್ನಿ, ಹಕ್ಕಿ ಹೊಡೀಬೇಕು. ನಾಗವೇಣಿ ಪ್ಯಾಕಿಂಗ್ ಕಂಪನಿಯ ಕೆಲಸ ಮುಗಿಸಿ ದಣಿದು ಬಂದಿರುತ್ತಿದ್ದಳು. ದಾನಮ್ಮ ಇನ್ನೊಮ್ಮೆ ಹಚ್ಚು, ಮತ್ತೊಮ್ಮೆ ಹಚ್ಚು ಎಂದು ಅದನ್ನೇ ಮೂರು ಸಲ ಕೇಳುತ್ತಿದ್ದಳು. ಹದಿನೆಂಟನೇ ಮಹಡಿಯವರು ತನ್ನನ್ನು ಅಮ್ಮ ಎನ್ನುವುದು ಅವಳಿಗೆ ಹಬ್ಬದೂಟವಾಗಿತ್ತು. ಪಾಪ, ಅಷ್ಟಕ್ಕೇ ಕರಗುವ ಹೆಂಗಸು.

ಕೆಂಪು ಸೀರೆ ಫೋಟೋದಲ್ಲಿ ಕಣ್ಣಿಗೆ ಹೊಡೆಯುತ್ತದೆ ಎಂದು ಸುಪ್ರೀತ್ ತನ್ನ ಹಳೆಯದೊಂದು ಅಂಗಿ ಕೊಟ್ಟಿದ್ದ. ಮಿಲಿಟರಿಯವರದರಂತೆ ಎಲೆ ಎಲೆ ಬಣ್ಣದ್ದು. ಸೀರೆಯನ್ನು ಕಚ್ಚೆ ಹಾಕಿ ಅದರ ಮೇಲೆ ಈ ಅಂಗಿ ತೊಟ್ಟು ಅವಳು ಕೆಸರಿಗೆ ಇಳಿಯುತ್ತಿದ್ದಳು. ಅಷ್ಟಾದರೂ ಒಂದೊಂದು ಫೋಟೋದಲ್ಲಿ ಸಿಕ್ಕಿಬೀಳುತ್ತಿದ್ದಳು. ಆಗ ಅವನು ಕಂಪ್ಯೂಟರಿನಲ್ಲಿ ಅವಳನ್ನು ಅಳಿಸಿಬಿಡುತ್ತಿದ್ದ. ಒಮ್ಮೆ ತೋರಿಸಿಯೂ ಇದ್ದ, ಇಲ್ಲಿ ನೀವಿದ್ರಿ ಅಮ್ಮ, ತೆಗೆದೆ ನೋಡಿ ಅಂತ. ಎರಡು ತಾಸು ತಾನು ಸೊಂಟ ಹಿಡಿದುಕೊಂಡು ನಿಂತ ಜಾಗದಲ್ಲಿ ನುಣ್ಣನೆಯ ಕೆಸರು ಮಾತ್ರ ಇತ್ತು. ದಾನಮ್ಮನಿಗೆ ಏನೋ ಒಂಥರಾ ಆಯಿತು. ಗುಂಪಿನವರು ಚಹಾ ಕುಡಿದು, ಅವಳದನ್ನು ಕಾಗದದ ಲೋಟದಲ್ಲಿ ದೂರದ ಕಲ್ಲಿನ ಮೇಲೆ ಇಟ್ಟು ಕೈ ಮಾಡಿ ತೋರಿಸಿದರು. ಅವಳು ಹೋಗಿ ಕುಡಿದಳು.

ಈ ಚಳಿಗಾಲದ ಒಂದು ಭಾನುವಾರ ಹೊಗೆ ಬೆರೆತ ಮಂಜು ಖಾಡಿಯ ಮೇಲೆ ಕೂತಿತ್ತು. ಖಾಡಿಯನ್ನು ಹಾದು ಹೋಗುವ ದೊಡ್ಡ ಕರೆಂಟು ತಂತಿಗಳ ಕಂಬ ಅರ್ಧಕ್ಕೇ ಕಾಣೆಯಾಗಿತ್ತು. ಒಂಬತ್ತು ಜನ ಬಂದಿದ್ದರು, ನಾಲ್ವರು ಹೊರಗಿನ ಊರಿನವರು. ದಾನಮ್ಮ ಸುಪ್ರೀತನ ಹತ್ತಿರ ಹೋಗಿ ನಿಂತಳು.

"ಇವತ್ತ ಬ್ಯಾಡ್ರಿ ಸಾಹೇಬ್ರ. ಮಂಜ ಐತಿ. ತಂತಿ ಅವುಕ ಕಾಣಂಗಿಲ್ಲ."

ಮಂಜಿನಲ್ಲೇ ಚಿತ್ರ ಚೆನ್ನಾಗಿ ಬರುವುದು ಎಂದ ಅವನು. ಒಂದೇ ಸಲ ಸಾಕು ಎಂದ. ದೂರದಿಂದ ಬಂದಿದ್ದಾರೆ, ಬರಿಗೈಲಿ ಕಳಿಸೋಕಾಗುತ್ತಾ ಎಂದ. ಕೈ ಬೀಸಿ ಆ ಕಡೆಯಿಂದ, ನೀರಿನ ಕಡೆಯಿಂದ ಹೋಗಿ ಎಂದು ಸನ್ನೆ ಮಾಡಿದ. ದಾನಮ್ಮ ಯಾವಾಗಲೂ ದಂಡೆಯ ಕಡೆಯಿಂದ ಹೋಗಿ ಹಿಂಡನ್ನು ನೀರಿನ ಕಡೆಗೆ ಎಬ್ಬಿಸುವವಳು. ಅಲ್ಲಿ ತಂತಿಯಿಲ್ಲ. ಈ ದಿನ ಹಕ್ಕಿಗಳು ಕ್ಯಾಮೆರಾದ ಕಡೆಗೆ ಹಾರಿ ಬರಬೇಕಂತೆ. ತಂತಿಯೂ ಇದ್ದದ್ದು ಅದೇ ಕಡೆಗೆ.

ಅವಳು ಹೋದಳು. ಬೇಡವೆಂದು ಎರಡನೇ ಸಲ ಹೇಳುವ ಧೈರ್ಯ ಇರಲಿಲ್ಲ. ದೊಡ್ಡವರಿಗೆ ಎದುರು ಆಡಿ ಅಭ್ಯಾಸವೂ ಇರಲಿಲ್ಲ. ತೊಡೆಯವರೆಗೆ ಇಳಿಯುತ್ತ, ಏಳುತ್ತ, ಸುತ್ತು ಹಾಕಿಕೊಂಡು ಹಿಂಡಿನ ಹಿಂದೆ ನಿಂತಳು. ದಂಡೆಯ ಮೇಲೆ ಕೈ ಎದ್ದಿತು. ತಾಟು ಬಡಿದಳು.

ಇಡೀ ಕೆಸರು ಎದ್ದು ಹಾರಿದಂತೆ ಹಿಂಡು ಎದ್ದಿತು. ಆಮೇಲೆ ಮಂಜಿನೊಳಗೆ ತಂತಿ ಗುಂಯ್ಯೆಂದಿತು. ಮತ್ತೆ ಗುಂಯ್ಯೆಂದಿತು. ಹಕ್ಕಿಗಳು ಬೀಳತೊಡಗಿದವು. ಒದ್ದೆ ಬಟ್ಟೆಯ ಗಂಟು ಎಸೆದಂಥ ಸದ್ದು. ತಂತಿಗೆ ಬಡಿದು ಹಿಂದಕ್ಕೆ ತಿರುಗಿದ ಒಂದು ದಾನಮ್ಮನ ಪಕ್ಕದಲ್ಲೇ ಬಿತ್ತು. ರೆಕ್ಕೆ ಮುರಿದಿತ್ತು. ಉದ್ದನೆಯ ಕತ್ತು ಕೆಸರಿನಲ್ಲಿ ಹೊರಳುತ್ತಿತ್ತು, ಉಸಿರಿಗೆ ಕೆಸರು ಹೋಗುತ್ತಿತ್ತು. ಅವಳು ಬಗ್ಗಿ ಅದನ್ನು ಎತ್ತಿ ಎದೆಗೆ ಹಿಡಿದು, ಕತ್ತನ್ನು ಮೇಲಕ್ಕೆ ಎತ್ತಿದಳು. ಅದು ಅವಳ ಮೊಣಕೈಯ ಮೇಲೆ ಸತ್ತಿತು.

ಸಾಹೇಬ್ರ ಎಂದು ಕೂಗಲು ದಂಡೆಯ ಕಡೆ ನೋಡಿದಳು. ಕ್ಯಾಮೆರಾಗಳ ಮುಕ್ಕಾಲಿಗಳು ಮಡಚಿಕೊಳ್ಳುತ್ತಿದ್ದವು. ಕಾರಿನ ಬಾಗಿಲುಗಳು ಬಡಿದವು. ಒಂದು, ಎರಡು, ಮೂರು ಕಾರು ಹೋದವು. ಅವಳು ದಂಡೆ ಮುಟ್ಟುವ ಹೊತ್ತಿಗೆ ಕಲ್ಲಿನ ಮೇಲೆ ಅವಳ ಪಾಲಿನ ಚಹಾ ಆರಿಹೋಗಿತ್ತು.

ಆದರೆ ನೋಡಿದವರು ಒಬ್ಬರಿದ್ದರು. ಎದುರಿನ ಕಟ್ಟಡದ ಕೆಳಮಹಡಿಯ ಬಾಲ್ಕನಿಯಿಂದ ಯಾರೋ ವಿಡಿಯೋ ಮಾಡಿದ್ದರು. ಮರುದಿನ ಸಂಜೆ ನಾಗವೇಣಿ ಕೆಲಸದಿಂದ ಬಂದವಳು ಒಳಗೆ ಬಂದು ಬಾಗಿಲು ಹಾಕಿ, ಫೋನು ಅವ್ವನ ಮುಂದೆ ಹಿಡಿದಳು. ದಂಡೆ ಆ ವಿಡಿಯೋದಲ್ಲಿ ಇರಲಿಲ್ಲ. ಅದರಲ್ಲಿ ಇದ್ದದ್ದು ಮಂಜು, ಬೀಳುವ ಹಕ್ಕಿಗಳು, ಎಲೆ ಬಣ್ಣದ ಅಂಗಿ ತೊಟ್ಟ ಒಬ್ಬ ಹೆಂಗಸು, ಅವಳ ಕೈಯಲ್ಲಿ ಸತ್ತ ಹಕ್ಕಿ. ಬೇಟೆಗಾರರ ವೇಷ ನೋಡಿ ಎಂದು ಜನ ಕೆಳಗೆ ಬರೆದಿದ್ದರು. ನೇಣು ಹಾಕಿ ಎಂದಿದ್ದರು. ಎಲ್ಲಿಂದಲೋ ಬಂದ ಈ ಜನ ಹಕ್ಕಿ ತಿಂದು ಮುಗಿಸುತ್ತಾರೆ, ಆ ಗುಡಿಸಲುಗಳನ್ನು ಮೊದಲು ಎತ್ತಿಸಿ ಎಂದಿದ್ದರು. ನಾಗವೇಣಿ ಒಂದೊಂದನ್ನೇ ಓದಿದಳು. ಸಾಕು ಎಂದಳು ದಾನಮ್ಮ.

ಅಂಗಿಯನ್ನು ಹಿಟ್ಟಿನ ಡಬ್ಬಿಯ ಅಡಿಗೆ ತುರುಕಿದಳು. ಆಮೇಲೆ ತೆಗೆದು ಹಾಸಿಗೆಯ ಅಡಿಗೆ ಇಟ್ಟಳು. ಸುಟ್ಟರೆ ಹೊಗೆ ಕಾಣುತ್ತದೆ ಎಂದು ಸುಡಲಿಲ್ಲ. ಹಗಲಲ್ಲಿ ಸಾರ್ವಜನಿಕ ಶೌಚಾಲಯಕ್ಕೆ ಹೋಗಲು ಹೆದರಿ, ಕತ್ತಲಾಗುವವರೆಗೆ ಹೊಟ್ಟೆ ಹಿಡಿದುಕೊಂಡು ಕೂತಳು. ಹೊರಗೆ ಯಾವ ಗಾಡಿ ನಿಂತರೂ ಬಾಗಿಲ ಸಂದಿಯಿಂದ ಇಣುಕುತ್ತಿದ್ದಳು. ಹಾಲಿನ ಗಾಡಿಗೂ ಹೆದರಿದಳು, ಗ್ಯಾಸಿನ ಗಾಡಿಗೂ ಹೆದರಿದಳು. ನಾಗವೇಣಿ ಸುಪ್ರೀತನಿಗೆ ನಾಲ್ಕು ಸಲ ಫೋನು ಮಾಡಿದಳು. ಅವನು ಎತ್ತಲಿಲ್ಲ.

ಬುಧವಾರ ಜೀಪು ಬಂತು. ಅದನ್ನು ಬಾಗಿಲಿಗೆ ಕರೆದುಕೊಂಡು ಬಂದವನು ಶಿವರಾಯ. ರಾಯಚೂರಿನವನು, ಆ ಗುಡಿಸಲುಗಳ ಸಾಲಿಗೆ ಮುಕಾದಮ, ಅಂದರೆ ಮೇಸ್ತ್ರಿ. ದಾನಮ್ಮನ ಗಂಡನನ್ನು ಮಣ್ಣು ಮಾಡುವಾಗ ಹೆಗಲು ಕೊಟ್ಟವನು. ಈಗ ಅವಳ ಮುಖ ನೋಡದೆ ಇದೇ ಮನೆ ಎಂದು ತೋರಿಸಿದ. ಅವನಿಗೂ ಭಯ. ಸಾಲಿನ ಇಪ್ಪತ್ತೆರಡು ಮನೆಗಳ ಭಯ ಅವನ ಮುಖದ ಮೇಲಿತ್ತು.

ಕಾಡಿನ ಇಲಾಖೆಯ ಕಚೇರಿಯಲ್ಲಿ ಖಾಕಿ ತೊಟ್ಟ ಮೇಡಂ ಕೂತಿದ್ದರು. ಮರಾಠಿಯವರು. ಕೆಟ್ಟವರೇನಲ್ಲ, ಕೂರಲು ಸ್ಟೂಲು ಕೊಟ್ಟರು, ನೀರು ಕೊಟ್ಟರು. ಹಿಂದಿಯಲ್ಲಿ ಏನೋ ಕೇಳಿದರು. ದಾನಮ್ಮ ಈ ಕಡೆ ಬಂದು ಇಪ್ಪತ್ತು ವರ್ಷವಾಗಿತ್ತು, ಕೆಲಸದ ಹಿಂದಿ ಚೆನ್ನಾಗಿಯೇ ಬರುತ್ತಿತ್ತು. ಅವತ್ತು ಒಂದು ಶಬ್ದವೂ ಬರಲಿಲ್ಲ. ಬಂದದ್ದೆಲ್ಲ ಕನ್ನಡವೇ, ಅದೂ ತುಂಡು ತುಂಡು. ಮೇಡಂ ಬೇಸತ್ತು, ಕನ್ನಡದವರು ಯಾರಾದರೂ ಇದ್ದಾರೆಯೇ ಎಂದು ಕೇಳಿದರು. ಹಕ್ಕಿಗಳ ಎಣಿಕೆಗೆ ಬಂದು ಇಲಾಖೆಗೆ ನೆರವಾಗುವವರೊಬ್ಬರಿದ್ದಾರೆ ಎಂದು ಗುಮಾಸ್ತ ಫೋನು ಮಾಡಿದ. ಒಂದು ಗಂಟೆಯ ಮೇಲೆ ಒಳಗೆ ಬಂದವನು ಸುಪ್ರೀತ್.

ಅವನನ್ನು ಕಂಡು ದಾನಮ್ಮನಿಗೆ ಅಳುವೇ ಬಂತು. ಇನ್ನು ಭಯವಿಲ್ಲ ಎಂದುಕೊಂಡಳು. ನಮ್ಮ ಸಾಹೇಬರು ಬಂದರು. ನಮ್ಮ ಮಾತು ಬಲ್ಲವರು ಬಂದರು.

"ಕನ್ನಡದಲ್ಲೇ ಹೇಳಿ ಅಮ್ಮ," ಎಂದ ಅವನು, ಮೇಜಿನ ಮೇಲಿದ್ದ ಪೇಪರ್‌ವೇಟ್ ನೋಡುತ್ತ. "ನಾನು ಹೇಳ್ತೀನಿ."

ಅಲ್ಲಿ ನೀನು ಏನು ಕೆಲಸ ಮಾಡುತ್ತೀ ಎಂದು ಮೇಡಂ ಕೇಳಿದರು. ದಾನಮ್ಮನಿಗೆ ಸಾಹೇಬರ ಹೆಸರು ಎತ್ತುವ ಮನಸ್ಸಾಗಲಿಲ್ಲ. ಅವರಿಗೆ ಯಾಕೆ ತೊಂದರೆ. ಇದ್ದದ್ದನ್ನು ಇದ್ದಷ್ಟೇ ಹೇಳಿದಳು.

"ಹಕ್ಕಿ ಹೊಡೀತೀನ್ರಿ."

ಸುಪ್ರೀತ್ ಪೇಪರ್‌ವೇಟನ್ನು ಒಂದು ಸುತ್ತು ತಿರುಗಿಸಿದ. ಫ್ಯಾನು ತಿರುಗುತ್ತಿತ್ತು. ಆಮೇಲೆ ಅವನು ಮೆಲ್ಲಗೆ ಹೇಳಿದ. "ಬೋಲ್ ರಹೀ ಹೈ, ಚಿಡಿಯಾ ಮಾರತೀ ಹೈ."

ಮೇಡಂ ಪೆನ್ನು ಎತ್ತಿ ನೇರವಾಗಿ ಅವಳನ್ನೇ ಕೇಳಿದರು. "ತೂ ಚಿಡಿಯಾ ಮಾರತೀ ಹೈ?"

ಇಲ್ಲಿ ಒಂದು ಮಾತು ಹೇಳಬೇಕು. ದಾನಮ್ಮ ಹಿಂದಿ ಕಲಿತದ್ದು ಶಾಲೆಯಲ್ಲಲ್ಲ, ಕಟ್ಟಡಗಳ ಮೆಟ್ಟಿಲ ಮೇಲೆ. ಝಾಡೂ ಮಾರ್ ಎಂದರೆ ಕಸ ಹೊಡಿ. ಪೋಛಾ ಮಾರ್ ಎಂದರೆ ನೆಲ ಒರಸು. ಚಕ್ಕರ್ ಮಾರ್ ಎಂದರೆ ಒಂದು ಸುತ್ತು ಹೊಡಿ. ಪಾನೀ ಮಾರ್ ಎಂದರೆ ಹೊಸ ಗೋಡೆಗೆ ನೀರು ಹೊಡಿ. ಇಪ್ಪತ್ತು ವರ್ಷ ಈ ಊರು ಅವಳಿಗೆ ಮಾರ್ ಮಾರ್ ಎಂದೇ ಕೆಲಸ ಹೇಳಿತ್ತು. ಅವಳೂ ಒಂದೊಂದು 'ಮಾರ್'ಗೆ ಒಂದೊಂದು 'ಹೊಡಿ' ಹಚ್ಚಿ ತಿಳಿದುಕೊಂಡಿದ್ದಳು. ಚಿಡಿಯಾ ಎಂದರೆ ಹಕ್ಕಿ, ಅದೂ ಗೊತ್ತಿತ್ತು. ಸಾಹೇಬರು ಸರಿಯಾಗಿಯೇ ಹೇಳಿದ್ದಾರೆ ಎನಿಸಿತು. ಕಳೆದುಹೋಗಿದ್ದ ಹಿಂದಿ ಒಂದಿಷ್ಟು ಮರಳಿ ಬಂತು.

"ಹಾಂ ಮೇಡಂ. ಮಾರತೀ."

ಎಷ್ಟು ವರ್ಷದಿಂದ ಎಂದು ಕೇಳಿದರು.

"ಸಣ್ಣಾಕಿದ್ದಾಗಿಂದ್ರಿ," ಎಂದಳು ದಾನಮ್ಮ. ಹೆಮ್ಮೆ ಅಷ್ಟು ಭಯದಲ್ಲೂ ಸ್ವಲ್ಪ ದನಿಯಲ್ಲಿ ಬಂತು.

ಸುಪ್ರೀತ್ ಅದನ್ನೂ ಹೇಳಿದ. ಮೇಡಂ ಬರೆದುಕೊಂಡರು. ಶುಕ್ರವಾರ ಬಂದು ಹೇಳಿಕೆಗೆ ಹೆಬ್ಬಟ್ಟು ಒತ್ತಬೇಕು, ಅಲ್ಲಿಯವರೆಗೆ ಊರು ಬಿಡಬಾರದು ಎಂದು ನೋಟೀಸು ಕೊಟ್ಟು ಕಳಿಸಿದರು.

ನೋಟೀಸನ್ನು ನಾಗವೇಣಿ ಓದಿದಳು. ಮುನಿಸಿಪಾಲಿಟಿ ಶಾಲೆಯಲ್ಲಿ ಮರಾಠಿ ಓದಿದ ಹುಡುಗಿ, ಬಾಯಿಗೆ ಬರುವುದು ಹಿಂದಿಯೇ. ಓದಿದವಳು ಗೋಡೆಗೆ ಒರಗಿ ಕೂತಳು. ಹಕ್ಕಿಗಳ ಬೇಟೆ ಎಂದು ಬರೆದಿತ್ತು, ಅದಕ್ಕೆ ಅವ್ವ ಹೌದು ಎಂದಳಂತೆ. "ಆಯೀ, ಪಕ್ಷ್ಯಾಂಚೀ ಶಿಕಾರ್ ಲಿಖಾ ಹೈ. ತೂನೇ ಹಾಂ ಬೋಲಾ?"

ಹೊಡೀತೀನಿ ಅಂತ ಅಂದೆ, ಅಷ್ಟೇ ಎಂದಳು ದಾನಮ್ಮ. ಅವರು ಮಾರತೀ ಹೈ ಅಂದರು, ಹಾಂ ಅಂದೆ.

"ಚಿಡಿಯಾ ಮಾರನಾ ಮತಲಬ್ ಜಾನ್ ಸೇ ಮಾರನಾ, ಆಯೀ."

ಚಿಡಿಯಾ ಜೊತೆ ಸೇರಿದರೆ ಮಾರ್ ಎಂದರೆ ಜೀವ ತೆಗೆಯುವುದು. ಅರ್ಥವಾದ ಮೇಲೆ ದಾನಮ್ಮ ಹೊರಗೆ ಹೋಗಿ ಗಟಾರದ ಬದಿಗೆ ಕೂತಳು. ಸಾಹೇಬರಿಗೆ ತಪ್ಪು ಕೇಳಿಸಿತೇ? ಇಲ್ಲ. ಹಾರೆ ಊರಿ ನಿಂತು, ದನ ಹೊಡೆದಂತೆ, ಕಸ ಹೊಡೆದಂತೆ ಎಂದು ಅವಳೇ ಹೇಳಿಕೊಟ್ಟಿದ್ದಳು. ಅವನು ನಕ್ಕಿದ್ದ. ಊರಿಗೆಲ್ಲ ಹೇಳಿ ನಕ್ಕಿದ್ದ. ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಪೇಪರ್‌ವೇಟ್ ನೋಡುತ್ತ ನಿಂತಿದ್ದ.

ಗುರುವಾರ ಅವನದೇ ಫೋನು ಬಂತು. ನಾಗವೇಣಿ ದನಿ ಜೋರು ಮಾಡಿ ಹಿಡಿದಳು. ಹೆದರಬೇಡಿ ಅಮ್ಮ ಎಂದ. ಹೆಬ್ಬಟ್ಟು ಒತ್ತಿಬಿಡಿ, ಮೊದಲನೇ ಸಲ, ಬಡವರು, ಜಾಸ್ತಿ ಏನೂ ಮಾಡಲ್ಲ, ವಕೀಲರನ್ನು ನಾನು ನೋಡಿಕೊಳ್ತೀನಿ ಎಂದ. ನಮ್ಮ ಗುಂಪಿನ ಹೆಸರು ಬಂದರೆ ಖಾಡಿ ಉಳಿಸುವ ಕೆಲಸವೇ ನಿಂತುಹೋಗುತ್ತೆ, ಹಕ್ಕಿಗಳಿಗೇ ನಷ್ಟ ಎಂದ. ಒಳ್ಳೆಯ ಮಾತುಗಳಿಗೆ ಅವನಲ್ಲಿ ಬರವಿರಲಿಲ್ಲ. ಕೊನೆಗೆ ದನಿ ತಗ್ಗಿಸಿ ಇನ್ನೊಂದು ಮಾತು ಹೇಳಿದ. "ಆ ವಾಯ್ಸ್ ಮೆಸೇಜ್‌ಗಳಿದ್ಯಲ್ಲ, ಎಲ್ಲ ಡಿಲೀಟ್ ಮಾಡ್ಸಿ ಅಮ್ಮ. ಸಿಕ್ಕಿದ್ರೆ ನಿಮಗೇ ತೊಂದ್ರೆ."

ಆ ಫೋನಿನ ಹಿಂದೆಯೇ ಶಿವರಾಯ ಬಂದ. ನಾಳೆ ಒತ್ತಿ ಬಂದುಬಿಡು ತಂಗಿ ಎಂದ. ನೀ ತಕರಾರು ಮಾಡಿದರೆ ಇಲ್ಲಿಗೆ ಬುಲ್ಡೋಜರ್ ಬರುತ್ತದೆ ಎಂದ. ಒತ್ತಿದರೆ ಬರುವುದಿಲ್ಲವೇ ಎಂದು ಕೇಳಿದಳು ದಾನಮ್ಮ. ಅವನು ಚಪ್ಪಲಿ ಮೆಟ್ಟಿಕೊಂಡ. ಹಕ್ಕಿ ಕೊಲ್ಲುವವರ ಕೇರಿ ಎಂದು ಕಾಗದದಲ್ಲಿ ಬರೆದ ಮೇಲೆ ಬುಲ್ಡೋಜರಿಗೆ ಇನ್ನೇನು ಬೇಕು.

ಅವನು ಹೋದ ಮೇಲೆ ದಾನಮ್ಮ ತನ್ನ ಬಲಗೈ ಹೆಬ್ಬೆರಳು ನೋಡಿಕೊಂಡಳು. ಹನ್ನೊಂದು ವರ್ಷದ ಹಿಂದೆ ಈ ಬೆರಳು ಒಮ್ಮೆ ಶಾಯಿ ಕಂಡಿತ್ತು. ಗಂಡ ಐದನೇ ಮಹಡಿಯ ಅಟ್ಟಣಿಗೆಯಿಂದ ಬಿದ್ದು ಸತ್ತ ದಿನ, ಗುತ್ತಿಗೆದಾರನ ಮನುಷ್ಯ ಒಂದು ಕಾಗದದ ಮೇಲೆ ಅವಳ ಬೆರಳು ಹಿಡಿದು ಒತ್ತಿಸಿದ್ದ. ಹೆಣ ಕೊಡಲು ಬೇಕು ಅಂದಿದ್ದ. ಕುಡಿದು ಬಿದ್ದ ಎಂದು ಅದರಲ್ಲಿ ಬರೆದಿತ್ತಂತೆ. ಒಂದು ಹನಿ ಮುಟ್ಟದ ಮನುಷ್ಯ ಕಾಗದದಲ್ಲಿ ಕುಡುಕನಾಗಿ ಸತ್ತ. ಒತ್ತಿದ್ದು ಇದೇ ಬೆರಳು.

ನಾಗವೇಣಿ ಅಳುತ್ತಿದ್ದಳು. ಡಿಲೀಟ್ ಕರ್ ದೇತೀ ಹೂಂ ಎಂದು ಫೋನು ತೆರೆದಳು. ಅಳಿಸುವ ಮೊದಲು ಒಂದು ಸಲ ಹಚ್ಚು ಎಂದಳು ದಾನಮ್ಮ. ಆ ಭಾನುವಾರದ ಹಿಂದಿನ ದಿನದ್ದು. ನಾಗವೇಣಿ ಹಚ್ಚಿದಳು.

ದಾನಮ್ಮ ಕೇಳಿದಳು. ಮೂರು ಸಲ ಕೇಳಿದಳು, ಯಾವಾಗಲೂ ಕೇಳುವಂತೆ. ಈ ಸಲ ಅಮ್ಮ ಎನ್ನುವುದು ಕಿವಿಗೆ ಬೀಳಲಿಲ್ಲ, ಅದರ ನಂತರದ್ದು ಬಿತ್ತು. ಮಗಳ ಬೆರಳು ಫೋನಿನ ಮೇಲೆ ಬಗ್ಗಿತ್ತು. ಅದನ್ನು ಹಿಡಿದುಕೊಂಡಳು.

"ಅಳಸಬ್ಯಾಡ," ಎಂದಳು.

ಶುಕ್ರವಾರ ಅವಳು ಕೆಂಪು ಸೀರೆ ಉಟ್ಟಳು. ನಾಗವೇಣಿ ರಜೆ ಹಾಕಿ ಜೊತೆಗೆ ಬಂದಳು. ದಾನಮ್ಮನಿಗೆ ಎರಡು ಸಲ ರಿಕ್ಷಾದಿಂದ ಇಳಿದು ಓಡಿಹೋಗುವ ಮನಸ್ಸಾಯಿತು. ಕಚೇರಿಯ ಮೆಟ್ಟಿಲಲ್ಲಿ ಕಾಲು ಏಳಲಿಲ್ಲ. ಕೆಸರಿನಲ್ಲಿ ಕೀಳುವ ಹಾಗೆ ಒಂದೊಂದೇ ಕಾಲು ಕಿತ್ತು ಹತ್ತಿದಳು.

ಹೇಳಿಕೆ ಮರಾಠಿಯಲ್ಲಿ ಟೈಪಾಗಿ ಮೇಜಿನ ಮೇಲಿತ್ತು. ಪಕ್ಕದಲ್ಲಿ ಶಾಯಿಯ ಡಬ್ಬಿ. ಸುಪ್ರೀತ್ ಇಸ್ತ್ರಿ ಅಂಗಿ ತೊಟ್ಟು ಕೂತಿದ್ದ, ಹೇಳಿಕೆಯನ್ನು ಕನ್ನಡದಲ್ಲಿ ಓದಿ ಹೇಳಿದ್ದೇನೆ ಎಂದು ಅವನೂ ಸಹಿ ಮಾಡಬೇಕಿತ್ತು. ಎಲ್ಲ ಸರಿ ಇದೆ, ಒತ್ತಿ ಅಮ್ಮ ಎಂದ. ಓದಿ ಹೇಳಲಿಲ್ಲ. ಗುಮಾಸ್ತ ಬಂದು ಅವಳ ಕೈ ಹಿಡಿದು ಹೆಬ್ಬೆರಳನ್ನು ಶಾಯಿಗೆ ಒತ್ತಿದ. ಬೆರಳು ಕಪ್ಪಾಯಿತು. ಕಾಗದದ ಕಡೆ ಎಳೆದ.

ದಾನಮ್ಮ ಕೈ ಕಿತ್ತುಕೊಂಡಳು. ಆ ಬೆರಳನ್ನು ಕೆಂಪು ಸೆರಗಿಗೆ ಉಜ್ಜಿದಳು. ಮತ್ತೆ ಉಜ್ಜಿದಳು. ಸೆರಗು ಕೆಟ್ಟಿತು.

"ನಾ ಒತ್ತಂಗಿಲ್ಲ."

ಎಲ್ಲರಿಗೂ ಕೇಳಿಸಿತು. ಮೇಡಂ ತಲೆ ಎತ್ತಿದರು. ಏನಂತೆ ಎಂದು ಸುಪ್ರೀತನನ್ನು ಕೇಳಿದರು. ಹೆದರಿದ್ದಾರೆ, ನಾನು ಸಮಾಧಾನ ಮಾಡುತ್ತೇನೆ ಎಂದ ಅವನು. ಅಷ್ಟರಲ್ಲಿ ದಾನಮ್ಮ ಮಗಳ ಕೈಯಿಂದ ಫೋನು ತೆಗೆದುಕೊಂಡು ಮೇಜಿನ ಮೇಲೆ, ಆ ಹೇಳಿಕೆಯ ಮೇಲೇ ಇಟ್ಟಳು. ನಾಗವೇಣಿ ಒತ್ತಿದಳು. ಕಚೇರಿಯಲ್ಲಿ ಸುಪ್ರೀತನ ದನಿ ಸ್ವಚ್ಛವಾಗಿ ಕೇಳಿಸಿತು.

"ಅಮ್ಮ, ಸುಪ್ರೀತ್. ನಾಳೆ ಬೆಳಿಗ್ಗೆ ಆರಕ್ಕೆ ಬನ್ನಿ. ಹೊರಗಡೆಯಿಂದ ಫೋಟೋಗ್ರಾಫರ್ಸ್ ಬರ್ತಿದ್ದಾರೆ. ಆ ಅಂಗಿ ಹಾಕ್ಕೊಂಡ್ ಬನ್ನಿ. ಹಕ್ಕಿ ಹೊಡೀಬೇಕು."

ಸುಪ್ರೀತ್ ಕುರ್ಚಿಯಿಂದ ಎದ್ದ. ಇದು ಬೇರೆ ವಿಷಯ ಎಂದು ಏನೋ ಹೇಳಹೋದ. ದಾನಮ್ಮ ಮೇಜಿನ ಅಂಚು ಗಟ್ಟಿಯಾಗಿ ಹಿಡಿದುಕೊಂಡಳು.

"ಹೊಡೀಬೇಕು ಅಂದ್ರ ಕೊಲ್ಲಬೇಕು ಅಂತ ಬರದ್ರ, ನನಗ ಕೊಲ್ಲಾಕ ಹೇಳಿದವ್ರು ಇವರು. ಎಬ್ಬಸಬೇಕು ಅಂತ ಬರದ್ರ, ಎಬ್ಬಸಾಕ ಹೇಳಿದವ್ರೂ ಇವರ. ಯಾವದರ ಬರಕೊಳ್ರಿ. ನನ್ನ ಒಬ್ಬಾಕಿ ಹೆಸರಷ್ಟ ಬರೀಬ್ಯಾಡ್ರಿ."

ಮೇಡಂಗೆ ಒಂದು ಅಕ್ಷರವೂ ತಿಳಿಯಲಿಲ್ಲ. ಆದರೆ ದನಿ ಯಾರದೆಂದು ತಿಳಿದಿತ್ತು. ಪೆನ್ನು ಕೆಳಗಿಟ್ಟು, ತಾವೇ ಬೆರಳು ಚಾಚಿ ಮತ್ತೊಮ್ಮೆ ಒತ್ತಿದರು. ಮತ್ತೆ ಅದೇ ಅಮ್ಮ, ಅದೇ ಆರು ಗಂಟೆ, ಅದೇ ಅಂಗಿ, ಅದೇ ಕೊನೆಯ ಮಾತು. ಅವರು ಸುಪ್ರೀತನ ಕಡೆ ತಿರುಗಿ, ಆ ಕೊನೆಯ ಮಾತಿನ ಅರ್ಥ ಹೇಳಿ ಎಂದರು. "ಯೇ ಜೋ ಆಖಿರ್ ಮೇಂ ಬೋಲಾ ಆಪನೇ, ಇಸಕಾ ಮತಲಬ್ ಬತಾಯಿಯೇ."

ಅವನು ಪೇಪರ್‌ವೇಟ್ ನೋಡಿದ. ಫ್ಯಾನು ತಿರುಗುತ್ತಿತ್ತು. ಹೊರಗೆ ಯಾವುದೋ ಗಾಡಿ ನಿಂತ ಸದ್ದಾಯಿತು. ಆದರೂ ದಾನಮ್ಮ ಕಣ್ಣನ್ನು ಅವನ ಮುಖದಿಂದ ತೆಗೆಯಲಿಲ್ಲ.

"ಹೇಳ್ರಿ ಸಾಹೇಬ್ರ," ಎಂದಳು. "ಮೊನ್ನೆ ನನ್ನ ಮಾತು ಹೇಳಿದ್ರಿ. ಈಗ ನಿಮ್ಮ ಮಾತು ಹೇಳ್ರಿ."